ಹನ್ನೊಂದು ಫೋಟೋ, ಒಂದೇ ಮನೆ

ಸೋಮೇಶ ಕೇರಿಯೊಳಕ್ಕೆ ಬಂದು ಬೈಕ್ ಇಳಿದ. ಕರಿಯಮ್ಮನಿಗೆ ಅನುಮಾನ ಹುಟ್ಟಿದ್ದು ಆಗಲೇ.

ಸೋಮೇಶ ಅಂದರೆ ಪಂಚಾಯ್ತಿ ಮೆಂಬರ್ ಚಿಕ್ಕಮಲ್ಲಪ್ಪನ ಮಗ. ಅತ್ತಿಮರದಹುಂಡಿಯ ಗೌರ್ಮೆಂಟ್ ಕಂಟ್ರಾಕ್ಟೆಲ್ಲ ಅವನದೇ. ಕೂಲಿಗೆ ಆಳು ಬೇಕಾದರೆ ರಸ್ತೆಯಲ್ಲೇ ನಿಂತು ಹಾರನ್ ಒತ್ತುವವನು. ಒಂದು ಹಾರನ್ನಿಗೆ ಕೇರಿಯ ಹೆಂಗಸರು ಬಾಂಡ್ಲಿ ಹಿಡಿದು ಓಡಬೇಕು. ಎರಡನೇ ಸಲ ಒತ್ತಿಸಿದರೆ ಅವತ್ತಿನ ಕೆಲಸ ಹೋಯಿತು. ಅಂಥವನು ಅವತ್ತು ಚರಂಡಿ ದಾಟಿ, ಕೋಳಿಗಳ ನಡುವೆ ಕಾಲಿಟ್ಟುಕೊಂಡು ಬಂದು, ಅವಳ ಗುಡಿಸಲ ಮುಂದೆ ನಿಂತ.

"ಕರಿಯಮ್ಮನೋರೇ," ಅಂದ.

ಇಪ್ಪತ್ತು ವರ್ಷದಿಂದ 'ಏ ಕರೀ' ಅಂದ ಮನೆಯ ಬಾಯಿ ಅದು. ಕರಿಯಮ್ಮ ಒಳಗೆ ಮಲಗಿದ್ದ ಗಂಡನ ಕಡೆ ತಿರುಗಿದಳು. "ನೋರೇ ಅಂತ ಅವ್ನ ಕಣ. ಏನೋ ಕಿತ್ಕಳಕ್ಕೇ ಬಂದವ್ನ."

ಚಿಕ್ಕಬೀರಯ್ಯ ಕರಿಕಲ್ಲು ಕ್ವಾರಿಯಲ್ಲಿ ಕಲ್ಲು ಸೀಳುವವನು. ದೂಳು ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತಿತ್ತು. "ನಮ್ಮತ್ರ ಏನದಮ್ಮಿ ಕಿತ್ಕಳಕ್ಕೆ?" ಅಂದು ಕೆಮ್ಮಿದ.

ಮನೆ ಇಲ್ಲದವರಿಗೆ ಗೌರ್ಮೆಂಟು ಮನೆ ಕೊಡುತ್ತಿದೆ, ಕೇರಿಯಲ್ಲಿ ಹನ್ನೊಂದು ಹೆಂಗಸರ ಹೆಸರು ಬಂದಿದೆ, ಕರಿಯಮ್ಮನ ಹೆಸರೇ ಮೊದಲು ಅಂತ ಸೋಮೇಶ ಹೇಳಿದ. ನಾಳೆ ಬೆಳಿಗ್ಗೆ ಫೋಟೋ ತೆಗೆಸಬೇಕು. ಎಲ್ಲರೂ ಒಳ್ಳೇ ಸೀರೆ ಉಟ್ಟುಕೊಂಡು ನಮ್ಮ ಮನೆ ಹತ್ತಿರ ಬನ್ನಿ.

"ಮನೆ ಕೊಡೋದು ಇಲ್ಲಿ. ಫೋಟೋ ಯಾಕ ನಿಮ್ಮನೇಲಿ?" ಅಂದಳು ಕರಿಯಮ್ಮ.

"ಮಾಡೆಲ್ಲು ಕಣಮ್ಮ. ಇಂಥ ಮನೆ ಬೇಕು ಅಂತ ತೋರ್ಸಬೇಕು."

ಪಕ್ಕದ ಗುಡಿಸಲ ಚಾಮುಂಡಿ ಅಷ್ಟಕ್ಕೇ ಕೈ ಮುಗಿದುಬಿಟ್ಟಳು. ಕರಿಯಮ್ಮ ಮುಗಿಯಲಿಲ್ಲ.

ಆ ಊರಿನಲ್ಲಿ ತಾರಸಿ ಹಾಕಿದ ಯಾವ ಮನೆಯಾದರೂ ಕರಿಯಮ್ಮನ ತಲೆಯ ಮೇಲಿಂದ ಹೋದದ್ದೇ. ಇಟ್ಟಿಗೆ, ಜಲ್ಲಿ, ಕಲಸಿದ ಸಿಮೆಂಟು. ನೆತ್ತಿಯ ಮೇಲೆ ಅಂಗೈ ಅಗಲ ಕೂದಲು ಉದುರಿ ಹೋಗಿ ಚರ್ಮ ಚಪ್ಪಲಿ ಅಟ್ಟೆಯ ಹಾಗಾಗಿತ್ತು. ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಸಿಮೆಂಟು ಬೆರಳ ಸಂದಿಯನ್ನು ತಿಂದಿತ್ತು. ಸಾರಿಗೆ ಕೈ ಹಾಕಿದರೆ ಉರಿ. ಚಿಕ್ಕಮಲ್ಲಪ್ಪನ ಹೊಸ ಮನೆಗಂತೂ ಏಳು ತಿಂಗಳು ಹೊತ್ತಿದ್ದಳು. ಆಗ ಆ ಮನೆಯ ಎಲ್ಲ ಕೋಣೆಯಲ್ಲೂ ಓಡಾಡಿದ್ದಳು. ದೇವರ ಕೋಣೆಯ ನೆಲಕ್ಕೆ ನೀರು ಹೊಡೆದವಳು ಅವಳೇ. ಅಡುಗೆಮನೆ ಗೋಡೆಗೆ ಒರಗಿ ಮುದ್ದೆ ತಿಂದಿದ್ದಳು. ಸುಣ್ಣ ಬಳಿದ ದಿನ ಶಾಂತಮಲ್ಲಮ್ಮ, ಚಿಕ್ಕಮಲ್ಲಪ್ಪನ ಹೆಂಡತಿ, ಬಾಗಿಲಲ್ಲಿ ನಿಂತು, "ಇನ್ನ ಸಾಕು, ಆಚೆಯಿಂದ ಆಚೆಗೆ ಓಗ್ಬುಡಿ" ಅಂದಳು. ಅಲ್ಲಿಗೆ ಮುಗಿಯಿತು. ಗೋಡೆ ಹಸಿ ಇರೋವರೆಗೆ ಮೈಲಿಗೆ ಇರಲಿಲ್ಲ. ಒಣಗಿದ ಮೇಲೆ ಬಂತು.

ಮಾರನೇ ದಿನ ಹನ್ನೊಂದು ಹೆಂಗಸರೂ ಹೋದರು. ಕರಿಯಮ್ಮನೂ ಹೋದಳು. ಹೋಗದೆ ಇದ್ದರೆ ಹೆಸರು ಹೊಡೆದುಹಾಕುತ್ತಾರೆ ಅನ್ನುವ ಅನುಮಾನ ಇನ್ನೊಂದು ಕಡೆ.

ಚಾಮರಾಜನಗರದಿಂದ ಕ್ಯಾಮೆರಾದವನು ಬಂದಿದ್ದ. ಕರಿಯಮ್ಮನ ಕೈಗೆ ಒಂದು ಸ್ಲೇಟು ಕೊಟ್ಟು ಮುಂಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸಿದರು.

"ಏನ್ ಬರ್ದಿದಿರಿ ಇದ್ರಲ್ಲಿ?"

"ನಿನ್ ಹೆಸ್ರು. ಸುಮ್ಕೆ ನಿಂತ್ಕೊ," ಅಂದ ಸೋಮೇಶ. ಆಮೇಲೆ ಕ್ಯಾಮೆರಾದವನ ಕಿವಿಯ ಹತ್ತಿರ ಬಗ್ಗಿ, "ಮೇಲ್ಗಡೆ ಮಹಡಿ ಬರಬಾರ್ದು ನೋಡು. ಬಾಗ್ಲು, ಇವ್ಳು, ಅಷ್ಟೇ," ಅಂದ.

ಅದು ಕರಿಯಮ್ಮನಿಗೆ ಕೇಳಿಸಿತು. ಮಾಡೆಲ್ ಮನೆ ಅಂದರೆ ಮಹಡಿಯನ್ನು ಯಾಕೆ ಮುಚ್ಚಬೇಕು?

ಅವಳಾದ ಮೇಲೆ ಒಬ್ಬೊಬ್ಬರನ್ನೂ ಒಂದೊಂದು ಕಡೆ ನಿಲ್ಲಿಸಿದರು. ಒಬ್ಬಳು ಹಿತ್ತಿಲ ಬಾಗಿಲಲ್ಲಿ. ಒಬ್ಬಳು ಕಿಟಕಿ ಪಕ್ಕ. ಒಬ್ಬಳು ಪಂಪು ಇಡುವ ಕೋಣೆಯ ಮುಂದೆ. ಚಾಮುಂಡಿಯನ್ನು ದನದ ಕೊಟ್ಟಿಗೆಯ ಬಾಗಿಲಿಗೆ ನಿಲ್ಲಿಸಿದರು. ಕೊಟ್ಟಿಗೆಯೂ ತಾರಸಿಯದೇ. ಹನ್ನೊಂದು ಜನರಿಗೆ ಹನ್ನೊಂದು ದಿಕ್ಕು. ಚಾಮುಂಡಿ ಫೋಟೋದಲ್ಲಿ ನಕ್ಕಳು.

ಅವರು ಗೇಟು ದಾಟುವಷ್ಟರಲ್ಲಿ ಹಿಂದೆ ನೀರು ಸುರಿದ ಸದ್ದು. ಕರಿಯಮ್ಮ ತಿರುಗಿದಳು. ಶಾಂತಮಲ್ಲಮ್ಮ ಸಗಣಿ ನೀರು ಹುಯ್ದು ಮೆಟ್ಟಿಲನ್ನು ಪೊರಕೆಯಲ್ಲಿ ಗುಡಿಸುತ್ತಿದ್ದಳು. ಕರಿಯಮ್ಮನ ಕಾಲಿನ ಗುರುತು ಇದ್ದ ಜಾಗವನ್ನು ಎರಡು ಸಲ ಗುಡಿಸಿದಳು. ಹೆಂಗಸರು ಕೇರಿಯ ಕಡೆ ನಡೆದರು.

ಅದು ಎರಡು ಸಾವಿರದ ಐದನೇ ಇಸವಿಯ ಮೇ ತಿಂಗಳು. ಜೂನ್ ಹೋಯಿತು. ಗೌರಿ ಹಬ್ಬ ಹೋಯಿತು. ಮನೆ ಬರಲಿಲ್ಲ. ಕೇಳಿದಾಗೆಲ್ಲ ಸೋಮೇಶ, "ಫೈಲ್ ಮೇಲಕ್ಕೆ ಓಗದೆ" ಅನ್ನುತ್ತಿದ್ದ. ಕರೆಯೋದು ಮತ್ತೆ 'ಏ ಕರೀ' ಆಗಿತ್ತು.

"ಅವ್ನ ಕೆಲ್ಸ ಆಗೋಯ್ತು. ಅದ್ಕೇ ನೋರೇ ಬುಟ್ಬುಟ್ಟ," ಅಂದಳು ಕರಿಯಮ್ಮ.

"ನಿಂಗೆ ನೆರಳ ಕಂಡ್ರೂ ಅನುಮಾನ," ಅಂತ ಚಾಮುಂಡಿ ಬೈದಳು. ಅವಳು ಆಗಲೇ ಮಗಳು ಮಾನಸಳಿಗೆ, ಓದಕ್ಕೆ ಒಂದು ಮೂಲೆ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದಳು.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಐದು ದಿನ ಬಿಡಲಿಲ್ಲ. ಆರನೇ ದಿನ ಬೆಳಿಗ್ಗೆ ಚಾಮುಂಡಿ ಒಲೆ ಊದುತ್ತ ಕೂತಿದ್ದಾಗ ಮಣ್ಣಿನ ಗೋಡೆ ಕುಸಿದು ಅವಳ ಮೇಲೆ ಬಿತ್ತು. ಕರಿಯಮ್ಮ ಓಡಿಹೋಗಿ ಕೈಯಲ್ಲೇ ಮಣ್ಣು ಬಗೆದಳು. ಉಗುರು ಕಿತ್ತು ಬಂತು. ಚಾಮುಂಡಿಯ ಬಲತೊಡೆಯ ಮೂಳೆ ಮುರಿದಿತ್ತು. ಮಂಚದ ಮೇಲೆ ಹೊತ್ತು, ಮೊಣಕಾಲುದ್ದ ಕೆಸರಲ್ಲಿ, ಚಂದಕವಾಡಿ ರಸ್ತೆಗೆ ಸೇರಿಸಿದರು. ದಾರಿಯಲ್ಲಿ ಚಾಮುಂಡಿ, "ನಮ್ ಮನೆ ಯಾವಾಗ ಬತ್ತದ ಕರಿಯಕ್ಕ?" ಅಂದಳು.

ಕರಿಯಮ್ಮ ಆಸ್ಪತ್ರೆಯಿಂದ ನೇರ ಪಂಚಾಯ್ತಿ ಆಫೀಸಿಗೆ ಹೋದಳು. ಸೀರೆಯಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ಗುಮಾಸ್ತ ರಘುನಾಥ ಒಬ್ಬನೇ ಕೂತಿದ್ದ. ಕೊಳ್ಳೇಗಾಲದ ಕಡೆಯವನು, ಕೆಲಸಕ್ಕೆ ಬಂದು ವರ್ಷ ಆಗಿತ್ತು. ಮೆಂಬರು ಬಂದರೆ ಎದ್ದು ನಿಲ್ಲುತ್ತಿದ್ದ.

"ನಮ್ ಮನೆ ಎಲ್ ನಿಂತದ ಸಾಮಿ?"

ರಘುನಾಥ ಫೈಲ್ ತೆಗೆದ. ಹಾಳೆ ತಿರುವಿದ. ಅವಳ ಮುಖ ನೋಡಿದ. ಮತ್ತೆ ಹಾಳೆ ನೋಡಿದ.

"ನಿಮ್ಮ ಮನೆ ಆಗೋಗಿದೆಯಲ್ಲಮ್ಮ."

"ಏನು?"

"ಪಾಯ, ಗೋಡೆ, ತಾರಸಿ. ಎಲ್ಲ ಬಿಲ್ಲೂ ಆಗಿದೆ. ಹನ್ನೊಂದೂ ಮುಗಿದಿದೆ ಅಂತ ಬರೆದಿದೆ. ಎರಡನೇ ಸಲ ಕೊಡೋಕೆ ಬರಲ್ಲ."

ಅವನು ಹಾಳೆಯನ್ನು ತಿರುಗಿಸಿ ಹಿಡಿದ. ಮೆಟ್ಟಿಲ ಮೇಲೆ ಕರಿಯಮ್ಮ ನಿಂತಿದ್ದಳು, ಸ್ಲೇಟು ಹಿಡಿದುಕೊಂಡು. ಹಿಂದೆ ಬಾಗಿಲು. ಮಹಡಿ ಇರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಆ ಫೋಟೋದ ಮೇಲೆ ಬೆರಳಿಟ್ಟಳು. ಅನುಮಾನ ನಿಜವಾಗಿತ್ತು.

"ಗೌರ್ಮೆಂಟ್ ಪ್ರಕಾರ ಈ ಮನೆ ನಂದಾ?"

"ಕಾಗದದ ಪ್ರಕಾರ ನಿಮ್ಮದೇ."

"ಅಂಗಾರೆ ಆ ಕಾಗ್ದ ಕೊಡಿ."

ರಘುನಾಥ ಬಾಗಿಲ ಕಡೆ ನೋಡಿದ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಹನ್ನೊಂದು ಹಾಳೆಯನ್ನೂ ಜೆರಾಕ್ಸ್ ಮಾಡಿ, ಸೀಲು ಒತ್ತಿ, ಅವಳ ಕೈಗಿಟ್ಟ.

"ಯಾಕ ಕೊಡ್ತಾ ಇದೀಯ?" ಅಂದಳು ಕರಿಯಮ್ಮ. ಅವನ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ. "ನಾಳಿಕೆ ಕದ್ಕಂಡೋದ್ಲು ಅಂತ ನನ್ನೇ ಹಿಡ್ಸಕ್ಕಾ?"

"ಕೇಳಿದವರಿಗೆ ಕೊಡಬೇಕು ಅಂತ ಕಾನೂನಿದೆ," ಅಂದ. ಆಮೇಲೆ ಮೆಲ್ಲಗೆ, "ನಮ್ಮವ್ವನೂ ಗಾರೆ ಹೊತ್ತೋಳೇ."

ಕೇರಿಯಲ್ಲಿ ಮಾನಸ ಹನ್ನೊಂದು ಹಾಳೆಯನ್ನೂ ಗಟ್ಟಿಯಾಗಿ ಓದಿದಳು. ಹೆಂಗಸರು ಬೇವಿನ ಮರದ ಕೆಳಗೆ ಕೂತಿದ್ದರು. ಗಂಡಸರು ಹಿಂದೆ ನಿಂತಿದ್ದರು. ಕೇರಿಯ ಯಜಮಾನ ಚಿಕ್ಕಬಸವಯ್ಯ, "ಅರ್ಜಿ ಹಾಕನ," ಅಂದ. ಚಿಕ್ಕಬೀರಯ್ಯ, "ಕಾಲಿಗ್ ಬಿದ್ ಕೇಳನ," ಅಂದ.

"ಯಾರ್ ಕಾಲಿಗೆ?" ಅಂದಳು ಕರಿಯಮ್ಮ. "ನಮ್ ಮನೆಗೆ ನಾವು ಓಗಕ್ಕೆ ಯಾರ್ ಕಾಲಿಗ್ ಬೀಳ್ಬೇಕು?"

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಹಾಳೆ ಈಸಿಕೊಂಡರು.

ಚಾಮುಂಡಿ ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಊರಿಗೆ ಬಂದ ಸೋಮವಾರ. ಮಧ್ಯಾಹ್ನದ ಬಿಸಿಲು. ಹನ್ನೊಂದು ಹೆಂಗಸರು ಕೇರಿಯಿಂದ ಹೊರಟರು. ತಲೆಯ ಮೇಲೆ ಮಡಕೆ, ಚಾಪೆ, ಗಂಟು. ಕಂಕುಳಲ್ಲಿ ಕೋಳಿ. ಕೈಯಲ್ಲಿ ಒಲೆಕಲ್ಲು. ಚಾಮುಂಡಿಯನ್ನು ಮಂಚದ ಸಮೇತ ನಾಲ್ಕು ಗಂಡಸರು ಹೊತ್ತರು. ದೊಡ್ಡಬೀದಿಯಲ್ಲಿ ಅವರು ಯಾವತ್ತೂ ಓರದಲ್ಲೇ ನಡೆದವರು. ಅವತ್ತು ನಡುಬೀದಿಯಲ್ಲಿ ನಡೆದರು. ಚಿಕ್ಕಮಲ್ಲಪ್ಪನ ಗೇಟು ತೆಗೆದೇ ಇತ್ತು.

ಯಾರು ಎಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರೋ ಅವರು ಅಲ್ಲೇ ಹೋಗಿ ಕೂತರು. ಹಿತ್ತಿಲವಳು ಹಿತ್ತಿಲಿಗೆ, ಕಿಟಕಿಯವಳು ಕಿಟಕಿಗೆ. ಚಾಮುಂಡಿಯ ಮಂಚವನ್ನು ಕೊಟ್ಟಿಗೆಯ ಬಾಗಿಲಿಗೆ ಇಳಿಸಿದರು. ಕರಿಯಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಮೂರು ಕಲ್ಲು ಹೂಡಿ, ಸೌದೆ ಹಚ್ಚಿ, ಹಿಟ್ಟಿಗೆ ಎಸರಿಟ್ಟಳು.

ಶಾಂತಮಲ್ಲಮ್ಮ ಹೊರಗೆ ಬಂದವಳು ಕಿರುಚಿದಳು. "ಅಯ್ಯಯ್ಯೋ! ಏನೇ ಇದು! ಇಳೀರೇ ಕೆಳೀಕೆ!"

"ನಂ ಮನೆ ಕಣವ್ವ," ಅಂದಳು ಕರಿಯಮ್ಮ. "ಗೌರ್ಮೆಂಟು ಬರ್ದದ. ನೀವ್ಯಾರು ಒಳಗಿರೋರು?"

ಸೋಮೇಶ ಓಡಿಬಂದು ಮಡಕೆಗೆ ಒದ್ದ. ಕುದಿಯುವ ಎಸರು ಕರಿಯಮ್ಮನ ಎಡಪಾದದ ಮೇಲೆ ಸುರಿಯಿತು. ಚರ್ಮ ಅಲ್ಲೇ ಬಿಳುಚಿಕೊಂಡು ಎದ್ದಿತು. ಅವಳು ಹಲ್ಲು ಕಚ್ಚಿದಳು. ಕಾಲು ಎಳೆದುಕೊಳ್ಳಲಿಲ್ಲ. ಕಾಲು ಎಳೆದುಕೊಂಡರೆ ಜಾಗ ಬಿಟ್ಟ ಹಾಗೆ. ಬಿದ್ದ ಮಡಕೆಯನ್ನು ಎತ್ತಿ ಮತ್ತೆ ಕಲ್ಲಿನ ಮೇಲಿಟ್ಟಳು. "ನೀರ್ ತತ್ತರ್ರಮ್ಮಿ," ಅಂದಳು. ಹಿತ್ತಿಲವಳು ಚಿಕ್ಕಮಲ್ಲಪ್ಪನ ತೊಟ್ಟಿಯಿಂದಲೇ ಒಂದು ಕೊಡ ಮೊಗೆದು ತಂದಳು.

ಬೀದಿ ತುಂಬ ಜನ ಸೇರಿದರು. ಚಿಕ್ಕಮಲ್ಲಪ್ಪ ಮಗನ ಹಾಗೆ ಕೂಗಾಡುವವನಲ್ಲ. ಹತ್ತಿರ ಬಂದು, ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ, "ನೀನ್ ಬುದ್ಧಿವಂತೆ. ನಿಂಗೊಬ್ಳಿಗೆ ನಾಳಿಕೇ ಪಾಯ ತೆಗಿಸ್ತೀನಿ. ಇವ್ರನ್ನ ಎಬ್ಬುಸ್ಕಂಡ್ ಓಗು," ಅಂದ.

ಕರಿಯಮ್ಮ ಎದ್ದು ನಿಂತಳು. ಮೂರು ಬೀದಿಗೆ ಕೇಳುವ ಹಾಗೆ ಕೂಗಿದಳು. "ಕೇಳುಸ್ಕಳ್ರಮ್ಮಿ! ನಂಗೊಬ್ಳಿಗೆ ಕಟ್ಟುಸ್ಕೊಡ್ತಾರಂತೆ! ನಿಮ್ಮನ್ನ ಮಾರ್ಬುಟ್ಟು ಬಾ ಅಂತ ಅವ್ರ!"

ಚಿಕ್ಕಮಲ್ಲಪ್ಪನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು.

ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರು ಲಾಠಿಯಲ್ಲಿ ಮೆಟ್ಟಿಲು ತಟ್ಟಿ, "ಬೇರೆಯವರ ಮನೆಗೆ ನುಗ್ಗಿದ್ದೀರಿ. ಏಳ್ತೀರೋ, ಒಳಗೆ ಹಾಕ್ಲೋ?" ಅಂದರು.

ಕರಿಯಮ್ಮ ಜೆರಾಕ್ಸ್ ಹಾಳೆಯನ್ನು ಮುಂದಕ್ಕೆ ಹಿಡಿದಳು. ಕೊಡಲಿಲ್ಲ, ಹಿಡಿದಳು. ಕೊಟ್ಟರೆ ಹರಿದುಹಾಕಬಹುದು.

"ಹನ್ನೊಂದ್ ಮನೆ ಕಾಣೆಯಾಗಿದ್ದೊ ಸಾಮಿ. ಹುಡುಕ್ತಾ ಬಂದೊ. ಇಲ್ ಸಿಕ್ಕಿದೊ. ಈ ಕಾಗ್ದ ದಿಟವಾದ್ರೆ ನಾವ್ ನಮ್ ಮನೇಲಿ ಕೂತಿವಿ, ನೀವೇ ಗೇಟ್ ದಾಟ್ಕಂಡ್ ಓಗಿ. ಸುಳ್ಳಾದ್ರೆ ಬರ್ದೋರ ಕೈಗೆ ಬೇಡಿ ಹಾಕಿ. ಎಲ್ಡ್ರಲ್ಲಿ ಒಂದ್ ಯೇಳಿ."

ಇನ್ಸ್‌ಪೆಕ್ಟರು ಹಾಳೆ ನೋಡಿದರು. ಬಾಗಿಲು ನೋಡಿದರು. ತಲೆ ಎತ್ತಿ ಮಹಡಿ ನೋಡಿದರು. ಲಾಠಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಫೋನು ತೆಗೆದರು.

ತಾಲ್ಲೂಕಿನ ಸಾಹೇಬರು ಬರುವ ಹೊತ್ತಿಗೆ ಎರಡು ದಿನವಾಯಿತು. ಎರಡು ದಿನವೂ ಹೆಂಗಸರು ಅಲ್ಲಾಡಲಿಲ್ಲ. ಪೇಪರಿನವರು ಬಂದರು. ಅವರು ಫೋಟೋ ತೆಗೆಯುವುದಕ್ಕೆ ಮುಂಚೆ, "ಮಹಡಿ ಬರಂಗೆ ತೆಗೀರಿ," ಅಂತ ಕರಿಯಮ್ಮ ತಾಕೀತು ಮಾಡಿದಳು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತು, ತಪ್ಪಾಗಿದೆ, ತನಿಖೆ ಆಗುತ್ತೆ, ಹೊಸದಾಗಿ ಮಂಜೂರು ಮಾಡಿಸ್ತೀನಿ, ಈ ಸಲ ಬೇರೆ ಒಳ್ಳೇ ಕಂಟ್ರಾಕ್ಟರಿಗೆ ಕೊಡ್ತೀನಿ ಅಂದರು.

"ಕಂಟ್ರಾಕ್ಟರು ಬ್ಯಾಡ," ಅಂದಳು ಕರಿಯಮ್ಮ. "ನಾವೇ ಕಟ್ಕತೀವಿ."

"ಕಂಟ್ರಾಕ್ಟರ್ ಇಲ್ಲದೆ ಹೇಗಮ್ಮ ಕಟ್ತೀರಿ?"

ಕೊಟ್ಟಿಗೆಯ ಬಾಗಿಲಿಂದ ಚಾಮುಂಡಿ ಕೂಗಿದಳು. "ಸಾಮಿ, ಈ ಊರಲ್ಲಿ ಕಂಟ್ರಾಕ್ಟರು ಕಟ್ಟಿರೋ ಮನೆ ಒಂದ್ ತೋರ್ಸಿ, ಎದ್ದೋಯ್ತೀವಿ."

ಸಾಹೇಬರು ಪೆನ್ನು ತೆಗೆದು, ದುಡ್ಡು ನೇರ ಹೆಂಗಸರ ಕೈಗೆ, ಕಟ್ಟಿಕೊಳ್ಳೋದು ಅವರೇ ಅಂತ ಬರೆದುಕೊಟ್ಟರು. ಮಾನಸ ಎರಡು ಸಲ ಓದಿದ ಮೇಲೆ ಕರಿಯಮ್ಮ ಒಲೆ ಆರಿಸಿದಳು.

ಸೋಮೇಶನ ಮೇಲೆ ಕೇಸಾಯಿತು. ಜಾಮೀನೂ ಆಯಿತು. ರಘುನಾಥನನ್ನು ಯಾವುದೋ ದೂರದ ಪಂಚಾಯ್ತಿಗೆ ಎತ್ತಿಹಾಕಿದರು.

ದೊಡ್ಡಬೀದಿ ಕೇರಿಯ ಮೇಲೆ ಬಾಗಿಲು ಹಾಕಿತು. ಹೊಲದ ಕೆಲಸವಿಲ್ಲ. ಮಿಲ್ಲಿನಲ್ಲಿ ರಾಗಿ ಬೀಸಲಿಲ್ಲ. ಅಂಗಡಿಯ ಮಹದೇವಪ್ಪ ಉಪ್ಪು ಕೇಳಿದರೂ ಮುಖ ತಿರುಗಿಸಿದ. ಹಳ್ಳದ ಮರಳು ತರುವ ಗಾಡಿದಾರಿಗೆ ಅಡ್ಡ ಗುಂಡಿ ತೋಡಿದರು. ಹೆಂಗಸರು ಬದುವಿನ ಮೇಲೆ ಸಾಲು ಹಿಡಿದು ಮರಳನ್ನು ತಲೆಯ ಮೇಲೆ ಹೊತ್ತರು. ಮೂರು ತಿಂಗಳು ಹೊತ್ತರು. ಕೇರಿಯ ಮಣ್ಣಲ್ಲೇ ಇಟ್ಟಿಗೆ ಕುಯ್ದರು. ಕಾಡಂಚಿನಿಂದ ಲಂಟಾನ ಪೊದೆ ಕಡಿದು ತಂದು ಇಟ್ಟಿಗೆ ಸುಟ್ಟರು. ಕ್ವಾರಿಯವರು ಬೇಡ ಅಂತ ಬಿಸಾಕಿದ ಕರಿಕಲ್ಲಿನ ತುಂಡುಗಳನ್ನು ಚಿಕ್ಕಬೀರಯ್ಯ ಸೀಳಿ, ಮಟ್ಟ ಮಾಡಿ, ಪಾಯಕ್ಕೆ ಕೊಟ್ಟ. ಎರಡು ಏಟಿಗೊಮ್ಮೆ ಕೂತು ಕೆಮ್ಮುತ್ತಿದ್ದ. ಚಾಮುಂಡಿ ಮಂಚದ ಮೇಲೆ ಕೂತೇ ಇಟ್ಟಿಗೆ ಎಣಿಸಿದಳು, ಜಲ್ಲಿ ಒಡೆದಳು.

ಕರಿಯಮ್ಮನಿಗೆ ತನ್ನವರ ಮೇಲೂ ಅನುಮಾನವೇ. ಒಬ್ಬರ ಮನೆ ಮುಗಿದರೆ ಅವರು ಇನ್ನೊಬ್ಬರ ಕೆಲಸಕ್ಕೆ ಬರುವುದಿಲ್ಲ ಅಂತ ಅವಳ ಲೆಕ್ಕ. ಅದಕ್ಕೇ ಹನ್ನೊಂದು ಪಾಯವೂ ಒಂದೇ ವಾರ. ಹನ್ನೊಂದು ಗೋಡೆಯೂ ಒಂದೇ ಎತ್ತರ. ಒಂದು ಗೋಡೆ ಮೊಳ ಮೇಲೆ ಹೋದರೂ ಅವಳು ಅಲ್ಲಿ ಬಂದು ನಿಲ್ಲುತ್ತಿದ್ದಳು. ಒಂದು ದಿನ ತಮ್ಮ ಮನೆಯ ಮೂಲೆಯಲ್ಲೇ ಎರಡು ಒಳ್ಳೇ ಕಲ್ಲು ಕಂಡಳು. ಕನ್ನಡಿಯಂಥ ಮೈ, ಸರಿಯಾದ ಮೂಲೆ. ಬೇರೆ ಯಾರ ಪಾಯದಲ್ಲೂ ಅಂಥದ್ದಿರಲಿಲ್ಲ.

"ಯಾರ್ ಮಡ್ಗಿದ್ದು ಇದ್ನ?"

ಚಿಕ್ಕಬೀರಯ್ಯ ತಲೆ ಕೆರೆದುಕೊಂಡ. "ಕಲ್ ಒಡ್ಯೋನ್ಗೆ ಅಷ್ಟೂ ಬ್ಯಾಡ್ವಾ?"

"ಮೆಂಬರೂ ಅದ್ನೇ ಅಂದವ್ನು. ಕೀಳು."

"ಗೋಡೆ ಎದ್ದದ ಕಣಮ್ಮಿ!"

"ಕೀಳು."

ಅವನು ಬೈದ. ನಿನ್ನ ಜೊತೆ ಬಾಳೋದಕ್ಕಿಂತ ಸ್ಟೇಷನ್ನಲ್ಲಿರೋದು ವಾಸಿ ಅಂದ. ಆದರೆ ಸಂಜೆಯೊಳಗೆ ಗೋಡೆ ಬಿಚ್ಚಿ ಎರಡೂ ಕಲ್ಲು ತೆಗೆದ. ಚೀಟಿ ಎತ್ತಿದರು. ಒಂದು ಕಲ್ಲು ಚಾಮುಂಡಿಯ ಮನೆಗೆ ಹೋಯಿತು. ಇನ್ನೊಂದು ಕರಿಯಮ್ಮನ ಜೊತೆ ಆರು ತಿಂಗಳಿಂದ ಜಗಳವಾಡಿಕೊಂಡಿದ್ದ ಹೆಂಗಸಿಗೆ ಹೋಯಿತು. ಆಮೇಲೆ ಯಾರೂ ಯಾವ ಕಲ್ಲನ್ನೂ ಬಚ್ಚಿಡಲಿಲ್ಲ.

ಮುಂದಿನ ಮಳೆಗಾಲಕ್ಕೆ ಮುಂಚೆ ಹನ್ನೊಂದು ತಾರಸಿಯೂ ಬಿದ್ದವು. ಸಣ್ಣ ಮನೆಗಳು. ಒಂದು ಕೋಣೆ, ಒಂದು ಅಡುಗೆ ಮೂಲೆ. ಮಾನಸಳಿಗೆ ಕಿಟಕಿಯ ಕೆಳಗೆ ಒಂದು ಕಲ್ಲಿನ ಹಾಸು.

ಆಗ ಬಂತು ಕಾರ್ಡು. ಬಣ್ಣದ ಕಾರ್ಡು, ಬಂಗಾರದ ಅಕ್ಷರ. ಮಾನಸ ಓದಿದಳು. ಜನರೇ ಮುಂದೆ ನಿಂತು ಕಟ್ಟಿದ ಮಾದರಿ ಮನೆಗಳ ಉದ್ಘಾಟನೆಯಂತೆ. ಶುಕ್ರವಾರ ಹನ್ನೊಂದು ಗಂಟೆಗೆ. ಸಾಹೇಬರು ಟೇಪು ಕತ್ತರಿಸಿ ಬೀಗದ ಕೈ ಕೊಡುತ್ತಾರೆ. ಮುಖ್ಯ ಅತಿಥಿ, ಶ್ರೀ ಚಿಕ್ಕಮಲ್ಲಪ್ಪ. ಕೊನೆಯ ಸಾಲಿನಲ್ಲಿ, ಫಲಾನುಭವಿಗಳು ಹೊಸ ಸೀರೆಯಲ್ಲಿ ಸಾಲಾಗಿ ನಿಂತಿರತಕ್ಕದ್ದು.

"ಕೈಗೆ ಬೀಗದ ಕೈ ಕೊಡೋರು ನಾಳಿಕೆ ಈಸ್ಕಳಕ್ಕೂ ಬತ್ತಾರೆ," ಅಂದಳು ಕರಿಯಮ್ಮ.

ಗುರುವಾರ ಬೆಳಿಗ್ಗೆ ಹನ್ನೊಂದು ಮನೆಯಲ್ಲೂ ಹಾಲು ಉಕ್ಕಿತು. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಹಳೇ ಗುಡಿಸಲುಗಳ ಸೋಗೆ ಎಳೆದುಹಾಕಿ ಒಲೆಗೆ ಇಟ್ಟರು.

ಶುಕ್ರವಾರ ಹನ್ನೊಂದಕ್ಕೆ ಜೀಪು ಬಂತು. ಶಾಮಿಯಾನ, ಮೈಕು, ತಟ್ಟೆಯಲ್ಲಿ ಕತ್ತರಿ. ಸಾಲಾಗಿ ನಿಂತವರು ಯಾರೂ ಇರಲಿಲ್ಲ. ಹನ್ನೊಂದು ಬಾಗಿಲೂ ಮುಚ್ಚಿದ್ದವು. ಒಳಗಿಂದ ಚಿಲಕ ಹಾಕಿತ್ತು. ಹೊಗೆಗಿಂಡಿಗಳಿಂದ ಹೊಗೆ ಏಳುತ್ತಿತ್ತು. ಉಪ್ಸಾರಿನ ಒಗ್ಗರಣೆಯ ವಾಸನೆ ಶಾಮಿಯಾನದವರೆಗೂ ಬಂತು.

ಸಾಹೇಬರು ಚಿಕ್ಕಮಲ್ಲಪ್ಪನ ಮುಖ ನೋಡಿದರು. ಚಿಕ್ಕಮಲ್ಲಪ್ಪ ನೆಲ ನೋಡಿದ. ಕೊನೆಗೆ ಸಾಹೇಬರೇ ಮುಂದೆ ಹೋಗಿ ಮೊದಲ ಮನೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದರು.

ಒಳಗೆ ಕರಿಯಮ್ಮ ಮುದ್ದೆ ತಿರುವುತ್ತಿದ್ದಳು. ಕೈ ನಿಂತಿತು. ಗುಡಿಸಲಿಗೆ ಇದ್ದದ್ದು ಬಿದಿರಿನ ತಟ್ಟಿ. ಅದನ್ನು ಯಾರೂ ಬಡಿದದ್ದಿಲ್ಲ. ಬಂದವರು ಕಾಲಲ್ಲಿ ತಳ್ಳುತ್ತಿದ್ದರು. ಮೆಂಬರು, ಪೊಲೀಸು, ಸಾಲದವನು, ಎಲ್ಲರೂ ತಳ್ಳುತ್ತಿದ್ದರು. ನಲವತ್ತೆರಡು ವರ್ಷಕ್ಕೆ ಅವಳ ಬಾಗಿಲು ಬಡಿದ ಸದ್ದು ಅವಳು ಕೇಳಿದ್ದು ಅದೇ ಮೊದಲು.

ಚಿಕ್ಕಬೀರಯ್ಯ ಚಿಲಕಕ್ಕೆ ಕೈ ಹಾಕಲು ಎದ್ದ. ಅವಳು ಕಣ್ಣಲ್ಲೇ ಕೂರಿಸಿದಳು.

ಮತ್ತೊಂದು ಸಲ ಬಡಿದರು. ಈ ಸಲ ಇನ್ನೂ ಮೆಲ್ಲಗೆ.

ಕರಿಯಮ್ಮ ಮುದ್ದೆ ಇಳಿಸಿದಳು. ಕೈ ತೊಳೆದುಕೊಂಡಳು. ಆತುರ ಮಾಡಲಿಲ್ಲ. ಬಾಗಿಲ ಹತ್ತಿರ ಬಂದು, ಅದನ್ನು ತೆಗೆಯದೆ, ಹಲಗೆಗೆ ಕಿವಿ ಕೊಟ್ಟು ನಿಂತಳು. ಆಚೆ ದೊಡ್ಡ ದೊಡ್ಡ ಜನ ಉಸಿರಾಡುವುದು ಕೇಳಿಸಿತು.

"ಯಾರು?" ಅಂದಳು. "ಏನ್ ಬೇಕಾಗಿತ್ತು?"